ಎಚ್‌ಪಿ 200ಎಲ್‌ಎಕ್ಸ್ ಮೇಲೆ ವಿಂಡೋಸ್ 3.0: ಪರದೆ ಖಾಲಿ ನಿಲ್ಲುತ್ತದೆ, ಮೌಸ್ ಇಲ್ಲದೆ ನಡೆಯುತ್ತದಾ?

ಅಂಗೈಡಾಸ್ ಕೇಳಿದ್ದು

ಯಂತ್ರ ಎಚ್‌ಪಿ 200ಎಲ್‌ಎಕ್ಸ್ ಎಂಬ ಹಳೆಯ ಅಂಗೈ ಕಂಪ್ಯೂಟರ್, 4 ಎಂಬಿ ಮಾಡೆಲ್. ರೋಮ್‌ನಲ್ಲಿ ಎಂಎಸ್-ಡಾಸ್ 5.0, 7.91 ಮೆಗಾಹರ್ಟ್ಸ್‌ನ 80186 ಜಾತಿಯ ಪ್ರೊಸೆಸರ್, 640×200 ಪರದೆ. ಪಿಸಿಎಂಸಿಐಎ ಸ್ಲಾಟಿನಲ್ಲಿ ಅಡಾಪ್ಟರ್ ಹಾಕಿ 256 ಎಂಬಿ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಕೂರಿಸಿದ್ದೇನೆ. ಕಾರ್ಡ್ ಎ: ಡ್ರೈವ್ ಆಗಿ ಕಾಣುತ್ತದೆ, ಓದುತ್ತದೆ, ಬರೆಯುತ್ತದೆ. ಆ ಕಡೆ ತಕರಾರಿಲ್ಲ.

ಇದರ ಮೇಲೆ ಕಿಟಕಿ, ಮೆನು ಇರುವ ಒಂದು ಪರಿಸರ ಬೇಕು. ವಿಂಡೋಸ್ 3.1 ಶುರುವೇ ಆಗುವುದಿಲ್ಲ. ಒರಿಜಿನಲ್ ಫ್ಲಾಪಿಗಳ ವಿಂಡೋಸ್ 3.0 ಸೆಟ್ ಒಂದಿದೆ. ಹಳೆಯ 486 ಪಿಸಿಯಲ್ಲಿ ಅದು ಇನ್‌ಸ್ಟಾಲ್ ಆಗಿತ್ತು. ಆ ಫೋಲ್ಡರನ್ನು ಹಾಗೇ ಕಾರ್ಡಿಗೆ ಕಾಪಿ ಮಾಡಿ 'ವಿನ್' ಅಂತ ಕೊಟ್ಟರೆ ಪರದೆ ಖಾಲಿಯಾಗಿ ನಿಲ್ಲುತ್ತದೆ. ಕಂಟ್ರೋಲ್-ಆಲ್ಟ್-ಡೆಲ್ ಒತ್ತಿದರೆ ಮಾತ್ರ ವಾಪಸ್.

ಮೂರು ವಿಷಯ ಗೊತ್ತಾಗಬೇಕು. ಖಾಲಿ ಪರದೆಗೆ ಕಾರಣ ಏನು? ಸೀರಿಯಲ್ ಮೌಸ್ ಜೋಡಿಸಬಹುದಾ, ಅಥವಾ ಮೌಸ್ ಇಲ್ಲದೆ ಸಾಗುತ್ತದಾ? ಇದರಲ್ಲಿ ಕನ್ನಡ ತೋರಿಸಲು ಏನಾದರೂ ದಾರಿ ಇದೆಯಾ?

ರಿಯಲ್‌ಮೋಡ್ ಉತ್ತರಿಸಿದ್ದು

486ರಲ್ಲಿ ಇನ್‌ಸ್ಟಾಲ್ ಆದ ವಿಂಡೋಸ್ ಆ 486ಕ್ಕೆ ಹೊಲಿಸಿದ ಅಂಗಿ. ಅದರ ಸಿಸ್ಟಮ್.ಐಎನ್‌ಐ ಎಂಬ ಸೆಟ್ಟಿಂಗ್ ಫೈಲಿನಲ್ಲಿ ವಿಜಿಎ ಡ್ರೈವರ್ ಬರೆದಿರುತ್ತದೆ. 200ಎಲ್‌ಎಕ್ಸ್‌ಗೆ ಗೊತ್ತಿರುವ ಗ್ರಾಫಿಕ್ಸ್ ಹಳೆಯ ಸಿಜಿಎ ಬಗೆ ಒಂದೇ, ಅದರ ನಂತರ ಬಂದ ಇಜಿಎ ವಿಜಿಎ ಎರಡೂ ಇಲ್ಲ. ಇಲ್ಲದ ವಿಜಿಎಗೆ ವಿಂಡೋಸ್ ಚಿತ್ರ ಬರೆಯುತ್ತಾ ಕೂರುತ್ತದೆ, ನಿಮಗೆ ಖಾಲಿ ಪರದೆ ಕಾಣುತ್ತದೆ.

3.1 ಯಾಕೆ ಆಗಲ್ಲ ಅಂದರೆ ಅದರಲ್ಲಿ ರಿಯಲ್ ಮೋಡ್ (ಹಳೇ ಪ್ರೊಸೆಸರುಗಳಲ್ಲೂ ಓಡುವ ಸರಳ ಬಗೆ) ತೆಗೆದುಹಾಕಿದ್ದಾರೆ, ಕನಿಷ್ಠ 286 ಪ್ರೊಸೆಸರ್ ಮತ್ತು ಅದರ ಪ್ರೊಟೆಕ್ಟೆಡ್ ಮೋಡ್ ಬೇಕು. 80186ಕ್ಕೆ ಪ್ರೊಟೆಕ್ಟೆಡ್ ಮೋಡ್ ಇಲ್ಲ. 1990ರ ಮೇನಲ್ಲಿ ಬಂದ 3.0ದಲ್ಲಿ ರಿಯಲ್, ಸ್ಟ್ಯಾಂಡರ್ಡ್, 386 ಎನ್‌ಹಾನ್ಸ್ಡ್ ಮೂರೂ ಇವೆ. ನಮಗೆ ಆಗಿಬರುವುದು ಮೊದಲನೆಯದು ಮಾತ್ರ.

ಈ ಯಂತ್ರಕ್ಕೆ ಫ್ಲಾಪಿ ಡ್ರೈವ್ ಇಲ್ಲ, ಹಾಗಾಗಿ ಇನ್‌ಸ್ಟಾಲ್ ಕೆಲಸ ಪಿಸಿಯ ಮೇಲೇ ಮುಗಿಸಬೇಕು. ಪಿಸಿಯೊಳಗೆ ಹಳೇ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ಪ್ರೋಗ್ರಾಂ ಸಾಕು. ಅದರ ಕಾನ್ಫಿಗ್ ಫೈಲಿನಲ್ಲಿ ಈ ನಾಲ್ಕು ಸಾಲು ಬದಲಿಸಿ (ಕೊನೆಯ ಮೂರು ಅಂಗೈ ಯಂತ್ರದಲ್ಲಿಲ್ಲದ ಹೆಚ್ಚುವರಿ ಮೆಮೊರಿಯನ್ನು ಮುಚ್ಚುತ್ತವೆ):

ಮಷೀನ್=ಸಿಜಿಎ
ಎಕ್ಸ್‌ಎಂಎಸ್=ಫಾಲ್ಸ್
ಇಎಂಎಸ್=ಫಾಲ್ಸ್
ಯುಎಂಬಿ=ಫಾಲ್ಸ್

ಎಲ್ಲ ಫ್ಲಾಪಿಗಳ ಫೈಲುಗಳನ್ನೂ ಒಂದೇ ಫೋಲ್ಡರಿಗೆ ಸುರಿದು ಅಲ್ಲಿಂದ ಸೆಟಪ್ ಓಡಿಸಿ. ಜಾಗ ಸಿ:\ವಿಂಡೋಸ್ ಅಂತಲೇ ಇರಲಿ. ಹಾರ್ಡ್‌ವೇರ್ ಪಟ್ಟಿ ತೋರಿಸುವ ನೀಲಿ ಪರದೆ ಬಂದಾಗ ಎಂಟರ್ ಒತ್ತಿ ಮುಂದೆ ಹೋಗಿಬಿಡಬೇಡಿ, ಇಡೀ ಕೆಲಸದ ಗುಟ್ಟು ಅಲ್ಲೇ ಇದೆ. ಡಿಸ್‌ಪ್ಲೇ ಸಾಲಿನಲ್ಲಿ ಸಿಜಿಎ, ಮೌಸ್ ಸಾಲಿನಲ್ಲಿ 'ನೋ ಮೌಸ್', ಕೀಬೋರ್ಡ್ ಸಾಲಿನಲ್ಲಿ ಪಿಸಿ/ಎಕ್ಸ್‌ಟಿ 83 ಕೀ, ನೆಟ್‌ವರ್ಕ್ ಇಲ್ಲ. ಕೊನೆಗೆ ಪ್ರಿಂಟರ್ ಹಾಕಲಾ, ಅಪ್ಲಿಕೇಷನ್ ಹುಡುಕಲಾ, ಆನ್‌ಲೈನ್ ಡಾಕ್ಯುಮೆಂಟ್ ಓದುತ್ತೀರಾ ಅಂತ ಮೂರು ಕೇಳುತ್ತದೆ. ಮೂರಕ್ಕೂ ಬೇಡ.

ಅಲ್ಲೇ 'ವಿನ್ /ಆರ್' ಕೊಟ್ಟು ಒಮ್ಮೆ ಓಡಿಸಿ. '/ಆರ್' ಅಂದರೆ ರಿಯಲ್ ಮೋಡಿನಲ್ಲೇ ತೆರೆ ಎಂಬ ಸ್ವಿಚ್. ಹೆಲ್ಪ್ ಮೆನುವಿನ ಅಬೌಟ್‌ನಲ್ಲಿ ರಿಯಲ್ ಮೋಡ್ ಅಂತ ಬಂದಿದ್ದರೆ ಸರಿ. ಆಮೇಲೆ ಸಿಸ್ಟಮ್.ಐಎನ್‌ಐ ತೆರೆದು ಬೂಟ್ ವಿಭಾಗದಲ್ಲಿ ಇವು ಇವೆಯಾ ನೋಡಿ:

ಡಿಸ್‌ಪ್ಲೇ.ಡಿಆರ್‌ವಿ=ಸಿಜಿಎ.ಡಿಆರ್‌ವಿ
ಮೌಸ್.ಡಿಆರ್‌ವಿ=ನೋಮೌಸ್.ಡಿಆರ್‌ವಿ
ಫಾಂಟ್ಸ್.ಎಫ್‌ಒಎನ್=ಸಿಜಿಎಸಿಸ್.ಎಫ್‌ಒಎನ್
ಫಿಕ್ಸ್ಡ್‌ಫಾನ್.ಎಫ್‌ಒಎನ್=ಸಿಜಿಎಫಿಕ್ಸ್.ಎಫ್‌ಒಎನ್
ಒಇಎಂಫಾಂಟ್ಸ್.ಎಫ್‌ಒಎನ್=ಸಿಜಿಎಒಇಎಂ.ಎಫ್‌ಒಎನ್

ಕೀಬೋರ್ಡ್ ವಿಭಾಗದಲ್ಲಿ 'ಟೈಪ್=1' ಇರಬೇಕು. 4 ಇದ್ದರೆ ಅದು 101 ಕೀಗಳ ದೊಡ್ಡ ಕೀಬೋರ್ಡಿನ ಲೆಕ್ಕ. ಫಾಂಟ್ ಸಾಲುಗಳನ್ನು ಹಗುರವಾಗಿ ನೋಡಬೇಡಿ. ಕೈಯಾರೆ ಡ್ರೈವರ್ ಬದಲಿಸುವವರು ಮೊದಲ ಸಾಲು ತಿದ್ದಿ ಸುಮ್ಮನಾಗುತ್ತಾರೆ. ವಿಜಿಎಯ 16 ಪಿಕ್ಸೆಲ್ ಎತ್ತರದ ಫಾಂಟು ಹಾಗೇ ಉಳಿಯುತ್ತದೆ. 200 ಗೆರೆಯ ಪರದೆಯಲ್ಲಿ ಅದು ಹನ್ನೆರಡು ಸಾಲಿಗೇ ಮುಗಿಯಿತು, ಡೈಲಾಗ್ ಬಾಕ್ಸಿನ ಓಕೆ ಬಟನ್ ಪರದೆಯ ಕೆಳಗೆಲ್ಲೋ ಹೋಗುತ್ತದೆ. ಸಿಜಿಎ ಫಾಂಟಿನ ಎತ್ತರ 8, ಅಂದರೆ 25 ಸಾಲು.

ಇನ್ನು ಕಳೆ ಕೀಳುವುದು. ರಿಯಲ್ ಮೋಡಿಗೆ ಬೇಡದ್ದು: ಕೆಆರ್‌ಎನ್‌ಎಲ್286, ಕೆಆರ್‌ಎನ್‌ಎಲ್386, ಡಾಸ್‌ಎಕ್ಸ್, ವಿನ್386, ಡಿಸ್ವಾಪ್ ಎಂಬ ಇಎಕ್ಸ್‌ಇಗಳು, ವಿನ್‌ಒಎ286 ಮತ್ತು ವಿನ್‌ಒಎ386 ಎಂಬ ಎರಡು ಎಂಒಡಿ ಫೈಲು, 386 ಅಂತ ಕೊನೆಯಾಗುವ ಎಲ್ಲವೂ, ಹೈಮೆಮ್, ಇಎಂಎಂ386, ಸ್ಮಾರ್ಟ್‌ಡ್ರೈವ್. ಬರೀ ಕರ್ನಲ್.ಇಎಕ್ಸ್‌ಇ ಅಂತ ಇರುವುದೇ ರಿಯಲ್ ಮೋಡಿನ ಕರ್ನಲ್ (ವಿಂಡೋಸಿನ ತಿರುಳು), ಅದನ್ನು ಅಳಿಸಿದರೆ ಕಥೆ ಮುಗಿಯಿತು. ವಿನ್‌ಒಲ್ಡ್‌ಎಪಿ.ಎಂಒಡಿ ಕೂಡ ಇರಲಿ, ವಿಂಡೋಸ್ ಒಳಗಿಂದ ಡಾಸ್ ಪ್ರೋಗ್ರಾಂ ತೆರೆಯಲು ಬೇಕು. ಕಾರ್ಡಿನಲ್ಲಿ 256 ಎಂಬಿ ಇರುವವರಿಗೆ ಇದು ಜಾಗ ಉಳಿಸುವ ಪ್ರಶ್ನೆಯಲ್ಲ. ಸ್ವಿಚ್ ಮರೆತು ಬರೀ 'ವಿನ್' ಕೊಟ್ಟರೂ ಅದು ಬೇರೆ ಮೋಡಿಗೆ ಕೈ ಹಾಕಬಾರದು, ಅಷ್ಟಕ್ಕೆ.

ಕೊನೆಯದಾಗಿ ಶೆಲ್, ಅಂದರೆ ವಿಂಡೋಸ್ ಶುರುವಾದಾಗ ಮೊದಲು ತೆರೆಯುವ ಪ್ರೋಗ್ರಾಂ. ಬೂಟ್ ವಿಭಾಗದ 'ಶೆಲ್=ಪ್ರಾಗ್‌ಮ್ಯಾನ್.ಇಎಕ್ಸ್‌ಇ' ತೆಗೆದು 'ಶೆಲ್=ಎಂಎಸ್‌ಡಾಸ್.ಇಎಕ್ಸ್‌ಇ' ಮಾಡಿ. ಇದು ವಿಂಡೋಸ್ 1 ಮತ್ತು 2ರ ಕಾಲದ ಎಂಎಸ್-ಡಾಸ್ ಎಕ್ಸಿಕ್ಯೂಟಿವ್, 3.0ದಲ್ಲೂ ಇಟ್ಟಿದ್ದಾರೆ. ಫೈಲುಗಳ ಬರೀ ಪಟ್ಟಿ ಕಾಣುತ್ತದೆ, ಬಾಣದ ಕೀಲಿಯಿಂದ ಹೋಗಿ ಎಂಟರ್ ಒತ್ತಿದರೆ ತೆರೆಯುತ್ತದೆ. ನೋಡಲು ಚೆಂದವಿಲ್ಲ, ಆದರೆ ಮೆಮೊರಿ ಕಡಿಮೆ ತಿನ್ನುತ್ತದೆ, ಕೀಬೋರ್ಡಿಗೆ ಹೇಳಿ ಮಾಡಿಸಿದ್ದು. ಇನ್ನೊಂದು ಅನುಕೂಲ: ಪ್ರೋಗ್ರಾಂ ಮ್ಯಾನೇಜರಿನ ಗ್ರೂಪ್ ಫೈಲುಗಳಲ್ಲಿ ಸಿ:\ವಿಂಡೋಸ್ ಅಂತ ಪೂರ್ತಿ ದಾರಿ ಅಚ್ಚಾಗಿರುತ್ತದೆ. ನಿಮ್ಮ ಕಾರ್ಡ್ ಎ: ಆದ್ದರಿಂದ ಅವು ಕೆಲಸ ಮಾಡುವುದಿಲ್ಲ. ಎಕ್ಸಿಕ್ಯೂಟಿವ್‌ಗೆ ಗ್ರೂಪೂ ಇಲ್ಲ, ಆ ತಲೆನೋವೂ ಇಲ್ಲ.

ಈಗ ಯಂತ್ರದ ಕಡೆ. ಸೆಟಪ್ ಅಪ್ಲಿಕೇಷನ್ನಿನಲ್ಲಿ ಸಿಸ್ಟಮ್ ಮೆಮೊರಿ 640 ಕೆಬಿ ಇದೆಯಾ ನೋಡಿ. ಇಲ್ಲವಾದರೆ ಬದಲಿಸುವ ಮುನ್ನ ಸಿ: ಡ್ರೈವಿನ ಎಲ್ಲವನ್ನೂ ಕಾರ್ಡಿಗೆ ಬ್ಯಾಕಪ್ ತೆಗೆಯಿರಿ, ಯಾಕೆಂದರೆ ಸಿ: ಅಂದರೆ ಮಿಕ್ಕ ರ‍್ಯಾಮ್. ಸಿ:\ಕಾನ್ಫಿಗ್.ಸಿಸ್ ಫೈಲಿನಲ್ಲಿ 'ಫೈಲ್ಸ್=30', 'ಬಫರ್ಸ್=20' ಸಾಕು. 20 ಬಫರಿಗೆ ಹತ್ತು ಕೆಬಿ ಚಿಲ್ಲರೆ ಹೋಗುತ್ತದೆ. 50 ಹಾಕಿದರೆ ವೇಗ ಏನೂ ಹೆಚ್ಚಲ್ಲ, ಮೆಮೊರಿ ಮಾತ್ರ ಹೋಗುತ್ತದೆ. ಇವನ್ನೆಲ್ಲ ಮೆಮೊ ಅಪ್ಲಿಕೇಷನ್ನಿನಲ್ಲೇ ತಿದ್ದಬಹುದು.

ನಂತರ ಒಂದು ಬ್ಯಾಚ್ ಫೈಲು (ಸಾಲಾಗಿ ಓಡುವ ಡಾಸ್ ಆಜ್ಞೆಗಳ ಪಟ್ಟಿ), ಸಿ: ಮೇಲೆ:

ಪಾತ್ ಎ:\ವಿಂಡೋಸ್;ಡಿ:\ಡಾಸ್;ಡಿ:\ಬಿನ್
ಸೆಟ್ ಟೆಂಪ್=ಸಿ:\ಟೆಂಪ್
ಎ:
ಸಿಡಿ \ವಿಂಡೋಸ್
ವಿನ್ /ಆರ್
ಸಿ:
200

ಸಿ:\ಟೆಂಪ್ ಡೈರೆಕ್ಟರಿ ಮೊದಲೇ ಮಾಡಿಟ್ಟಿರಿ. ಕೊನೆಯ '200' ವಿಂಡೋಸಿನಿಂದ ಹೊರಬಂದ ಮೇಲೆ ಸಿಸ್ಟಮ್ ಮ್ಯಾನೇಜರನ್ನು, ಅಂದರೆ ಯಂತ್ರದ ಸ್ವಂತ ಅಪ್ಲಿಕೇಷನ್ನುಗಳನ್ನು ನಡೆಸುವ ಪ್ರೋಗ್ರಾಮನ್ನು, ವಾಪಸ್ ತರುತ್ತದೆ.

ಓಡುತ್ತಿರುವಾಗ ಕಾರ್ಡ್ ಎಳೆಯಬಾರದು. ಮೆಮೊರಿ ಸಾಲದಾದಾಗ ರಿಯಲ್ ಮೋಡ್ ವಿಂಡೋಸ್ ತನ್ನ ಕೋಡಿನ ತುಂಡುಗಳನ್ನು ಬಿಸಾಡಿ, ಬೇಕಾದಾಗ ಇಎಕ್ಸ್‌ಇ ಫೈಲಿನಿಂದ ಮತ್ತೆ ಓದಿಕೊಳ್ಳುತ್ತದೆ. ಫೈಲು ಕೈಗೆ ಸಿಗದಿದ್ದರೆ ಅಲ್ಲೇ ನಿಂತಿತು.

ಒಂಬತ್ತುಪಿನ್ ಉತ್ತರಿಸಿದ್ದು

ಮೌಸ್ ಬಗ್ಗೆ. ಆಗುತ್ತದೆ, ಆದರೆ ಬಹಳಷ್ಟು ಮೌಸ್ ಓಡುವುದಿಲ್ಲ.

200ಎಲ್‌ಎಕ್ಸ್‌ನ ಸೀರಿಯಲ್ ಪೋರ್ಟಿಗೆ 10 ಪಿನ್ನಿನ ಪುಟ್ಟ ಕನೆಕ್ಟರ್. ಎಚ್‌ಪಿಯ ಎಫ್1015ಎ ಕೇಬಲ್ ಅದನ್ನು 9 ಪಿನ್ನಿಗೆ ತರುತ್ತದೆ. ಆ ಕೇಬಲ್ ಪಿಸಿಗೆ ಜೋಡಿಸಲು ಮಾಡಿದ್ದು: ತುದಿಯಲ್ಲಿ ಫೀಮೇಲ್, ಒಳಗೆ ತಂತಿಗಳು ಅಡ್ಡ ಹೊಸೆದಿವೆ. ಮೌಸಿನ ತುದಿಯೂ ಫೀಮೇಲ್. ನಡುವೆ ಎರಡೂ ಕಡೆ ಮೇಲ್ ಇರುವ ನಲ್ ಮೋಡೆಮ್ ಅಡಾಪ್ಟರ್ ಬೇಕು, ಅದು ಅಡ್ಡ ತಂತಿಯನ್ನು ಮತ್ತೆ ನೇರ ಮಾಡುತ್ತದೆ. ಬರೀ ಜೆಂಡರ್ ಚೇಂಜರ್ ಹಾಕಿದರೆ ಸಿಕ್ಕಿಕೊಳ್ಳುವುದು ಸರಿಯಾಗಿ ಸಿಕ್ಕಿಕೊಳ್ಳುತ್ತದೆ, ಆದರೆ ಡೇಟಾ ತಪ್ಪು ಪಿನ್ನಿಗೆ ಬರುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ಕೇಬಲ್ ಅಂಗಡಿಗಳಲ್ಲಿ 'ನಲ್ ಮೋಡೆಮ್, ಮೇಲ್-ಮೇಲ್' ಅಂತ ಸ್ಪಷ್ಟವಾಗಿ ಕೇಳಿ.

ಎರಡನೆಯದು, ಪೋರ್ಟಿಗೆ ಯಾವಾಗಲೂ ಕರೆಂಟ್ ಇರುವುದಿಲ್ಲ. ಬ್ಯಾಟರಿ ಉಳಿಸಲು ಅದನ್ನು ಆಫ್ ಇಟ್ಟಿರುತ್ತಾರೆ. ಇನ್‌ಫ್ರಾರೆಡ್ ಕಣ್ಣಿಗೂ ತಂತಿಗೂ ಒಂದೇ ಪೋರ್ಟ್ ಹಂಚಿಕೆ. ರೋಮ್‌ನ ಡಿ: ಡ್ರೈವಿನಲ್ಲಿ ಎಸ್‌ಇಆರ್‌ಸಿಟಿಎಲ್ ಎಂಬ ಸಣ್ಣ ಪ್ರೋಗ್ರಾಂ ಇದೆ. ಮೇಲಿನ ಬ್ಯಾಚ್ ಫೈಲಿನಲ್ಲಿ 'ವಿನ್ /ಆರ್' ಸಾಲಿಗೆ ಮುಂಚೆ 'ಎಸ್‌ಇಆರ್‌ಸಿಟಿಎಲ್ /ಡಬ್ಲ್ಯೂ' ಹಾಕಿದರೆ ತಂತಿಯ ಪೋರ್ಟ್ ಆನ್ ಆಗುತ್ತದೆ. ಯಂತ್ರ ಆಫ್ ಆಗಿ ಆನ್ ಆದರೆ ಮೌಸ್ ಸತ್ತಿರುತ್ತದೆ. ವಿಂಡೋಸಿನಿಂದ ಹೊರಬಂದು ಮತ್ತೆ ಒಳಹೋಗಬೇಕು.

ಮೂರನೆಯದೇ ದೊಡ್ಡ ತಡೆ. ಸೀರಿಯಲ್ ಮೌಸಿಗೆ ಪ್ರತ್ಯೇಕ ಕರೆಂಟ್ ತಂತಿ ಇಲ್ಲ. ಪೋರ್ಟಿನ ಆರ್‌ಟಿಎಸ್, ಡಿಟಿಆರ್ ಎಂಬ ಸಂಕೇತದ ಗೆರೆಗಳಿಂದಲೇ ಕರೆಂಟ್ ಕದ್ದು ಬದುಕುತ್ತದೆ. ದೊಡ್ಡ ಪಿಸಿಯ ಪೋರ್ಟ್ ಅದನ್ನು ಧಾರಾಳವಾಗಿ ಕೊಡುತ್ತದೆ. ಎರಡು ಎಎ ಸೆಲ್ಲಿನ ಮೇಲೆ ಓಡುವ ಅಂಗೈ ಯಂತ್ರದ ಪೋರ್ಟಿಗೆ ಆ ತಾಕತ್ತಿಲ್ಲ. ಸೀರಿಯಲ್‌ಗೆ ಅಡಾಪ್ಟರ್ ಹಾಕಿದ ಆಪ್ಟಿಕಲ್ ಮೌಸಿನ ಆಸೆ ಬಿಡಿ. ಚೆಂಡಿನ ಹಳೇ ಮೌಸುಗಳಲ್ಲೂ ಕೆಲವು ಮಾತ್ರ ಏಳುತ್ತವೆ.

ವಿಂಡೋಸ್ ಇಲ್ಲದೆಯೇ ಪರೀಕ್ಷೆ ಮಾಡಬಹುದು. ಟರ್ಮಿನಲ್ ಪ್ರೋಗ್ರಾಮಿನಲ್ಲಿ 1200 ಬಾಡ್, 7 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಇಟ್ಟು ಪೋರ್ಟ್ ತೆರೆಯಿರಿ. ಮೈಕ್ರೋಸಾಫ್ಟ್ ಪದ್ಧತಿಯ ಮೌಸ್ ಕರೆಂಟ್ ಸಿಕ್ಕ ಕೂಡಲೇ ಇಂಗ್ಲಿಷಿನ 'ಎಂ' ಅಕ್ಷರ ಕಳಿಸುತ್ತದೆ, ಅಲುಗಾಡಿಸಿದರೆ ಕಸದಂಥ ಅಕ್ಷರಗಳು ಸಾಲಾಗಿ ಬರುತ್ತವೆ. 'ಎಂ' ಬಂದರೆ ವಿಂಡೋಸಿನ ಡ್ರೈವರೂ ಅದನ್ನು ಹಿಡಿಯುತ್ತದೆ. ಏನೂ ಬರದಿದ್ದರೆ ಮೊದಲು ಅಡಾಪ್ಟರ್ ನೋಡಿ, ಆಮೇಲೆ ಮೌಸ್ ಬದಲಿಸಿ. ಹೊರಗಿನಿಂದ ಆ ಗೆರೆಗೆ ಕರೆಂಟ್ ಕೊಡುವ ಸಾಹಸಕ್ಕೆ ಹೋಗಬೇಡಿ. ಪೋರ್ಟಿನ ಚಿಪ್ ಸುಟ್ಟರೆ ಮದರ್‌ಬೋರ್ಡೇ ಹೋದ ಹಾಗೆ.

ಒಟ್ಟಿನಲ್ಲಿ ನನ್ನ ಮತ: ಕೇಬಲ್ಲು, ಅಡಾಪ್ಟರು, ಮೌಸು ಮೂರೂ ಜೋತುಬಿದ್ದ ಮೇಲೆ ಅದು ಅಂಗೈ ಯಂತ್ರವಾಗಿ ಉಳಿಯಲ್ಲ. ಕೀಬೋರ್ಡಿನಲ್ಲಿ ಎಲ್ಲವೂ ಸಾಧ್ಯ. ಆಲ್ಟ್ ಒತ್ತಿ ಅಕ್ಷರ ಒತ್ತಿದರೆ ಮೆನು, ಆಲ್ಟ್-ಟ್ಯಾಬ್ ಇನ್ನೊಂದು ಪ್ರೋಗ್ರಾಮಿಗೆ, ಕಂಟ್ರೋಲ್-ಎಸ್ಕೇಪ್ ಟಾಸ್ಕ್ ಲಿಸ್ಟ್, ಆಲ್ಟ್-ಎಫ್4 ಮುಚ್ಚಲು, ಆಲ್ಟ್-ಸ್ಪೇಸ್ ಕಿಟಕಿಯ ಮೆನು. ಪ್ರೋಗ್ರಾಂ ಮ್ಯಾನೇಜರಿನಲ್ಲಿ ಗ್ರೂಪಿಂದ ಗ್ರೂಪಿಗೆ ಕಂಟ್ರೋಲ್-ಟ್ಯಾಬ್. ಒಳಗಿನ ಕಿಟಕಿಯ ಮೆನು ಆಲ್ಟ್-ಮೈನಸ್‌ಗೆ ಬರದಿದ್ದರೆ, ಆಲ್ಟ್ ಒತ್ತಿ ಬಿಟ್ಟು ಬಾಣದ ಕೀಲಿಗಳಲ್ಲಿ ಪಕ್ಕಕ್ಕೆ ಸರಿಯುತ್ತಾ ಹೋಗಿ, ಸಿಗುತ್ತದೆ. ಪೇಂಟ್‌ಬ್ರಷ್‌ನಲ್ಲಿ ಬಾಣದ ಕೀಲಿ ಕರ್ಸರ್ ಓಡಿಸುತ್ತದೆ, ಇನ್ಸರ್ಟ್ ಎಡ ಬಟನ್, ಡಿಲೀಟ್ ಬಲ ಬಟನ್.

ಅಂಗೈಡಾಸ್ ಮರು ಪ್ರಶ್ನೆ

ಇಬ್ಬರಿಗೂ ಧನ್ಯವಾದ. ಡಾಸ್‌ಬಾಕ್ಸಿನಲ್ಲಿ ಹೇಳಿದ ಹಾಗೇ ಮಾಡಿ ಕಾರ್ಡಿಗೆ ಹಾಕಿದೆ, ಎಂಎಸ್-ಡಾಸ್ ಎಕ್ಸಿಕ್ಯೂಟಿವ್ ಪರದೆಗೆ ಬಂತು. ಅಕ್ಷರ ಚಿಕ್ಕದು ಆದರೂ ಓದಬಹುದು. ಮೌಸ್ ಕೈಬಿಟ್ಟೆ.

ನೋಟ್‌ಪ್ಯಾಡ್ ತೆರೆಯುತ್ತದೆ. ವಿಂಡೋಸಿನ ವರ್ಡ್ ಪ್ರೊಸೆಸರ್ 'ರೈಟ್' ತೆರೆದರೆ ಮೆಮೊರಿ ಸಾಲದು ಅನ್ನುತ್ತದೆ. ಚೆಕ್‌ಡಿಸ್ಕ್ ಕೊಟ್ಟರೆ ಖಾಲಿ ಮೆಮೊರಿ 4 ಲಕ್ಷ ಬೈಟ್ ಚಿಲ್ಲರೆ ತೋರಿಸುತ್ತದೆ. ಡಾಸ್ ಪ್ರಾಂಪ್ಟಿಗೆ ಹೋಗುವುದು ಕಂಟ್ರೋಲ್ ಮತ್ತು ಲೋಟಸ್ 123 ಕೀಲಿ ಒತ್ತಿ. ಇನ್ನೊಂದು, ಬೂದು ಬಣ್ಣದ ಜಾಗಗಳೆಲ್ಲ ಚುಕ್ಕೆ ಚುಕ್ಕೆ ಆಗಿ ಕಣ್ಣಿಗೆ ಹಿಂಸೆ. ಪ್ರೋಗ್ರಾಂ ಮ್ಯಾನೇಜರ್ ಕೂಡ ಬೇಕು ಅಂದರೆ ಏನು ಮಾಡಬೇಕು?

ರಿಯಲ್‌ಮೋಡ್ ಉತ್ತರಿಸಿದ್ದು

ಕಂಟ್ರೋಲ್-123 ದಾರಿಯಲ್ಲೇ ತೊಡಕು. ಅದು ಸಿಸ್ಟಮ್ ಮ್ಯಾನೇಜರನ್ನು ಮೆಮೊರಿಯಲ್ಲಿ ಇಟ್ಟುಕೊಂಡೇ ಡಾಸ್ ತೆರೆಯುತ್ತದೆ. ರಿಯಲ್ ಮೋಡಿಗೆ ಕನಿಷ್ಠ 384 ಕೆಬಿ, ಅಂದರೆ 3,93,216 ಬೈಟ್ ಖಾಲಿ ಬೇಕು. ನಿಮ್ಮದು ಅದರ ಅಂಚಿನಲ್ಲಿದೆ. ವಿಂಡೋಸ್ ಬರುತ್ತದೆ, ಬಂದ ಮೇಲೆ ಉಳಿಯುವುದು ಏನೂ ಇಲ್ಲ.

ಅಪ್ಲಿಕೇಷನ್ ಮ್ಯಾನೇಜರಿನಲ್ಲಿ ಮೆನು ಕೀಲಿ ಒತ್ತಿ, ಅಪ್ಲಿಕೇಷನ್ ಮೆನುವಿನಲ್ಲಿ 'ಟರ್ಮಿನೇಟ್ ಆಲ್' ಕೊಡಿ. ಆಗ ಸಿಸ್ಟಮ್ ಮ್ಯಾನೇಜರ್ ಪೂರ್ತಿ ಇಳಿದು ಬರೀ ಡಾಸ್ ಉಳಿಯುತ್ತದೆ. ಚೆಕ್‌ಡಿಸ್ಕ್ ಐದೂವರೆ ಲಕ್ಷಕ್ಕಿಂತ ಕೆಳಗೆ ತೋರಿಸಿದರೆ ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಯಾವುದೋ ಟಿಎಸ್‌ಆರ್ (ಮೆಮೊರಿಯಲ್ಲೇ ಉಳಿಯುವ ಪ್ರೋಗ್ರಾಂ) ಕೂತಿದೆ ಅಂತ ಅರ್ಥ, ಆ ಸಾಲಿನ ಮುಂದೆ 'ರೆಮ್' ಬರೆದು ನಿಲ್ಲಿಸಿ. ಸದಾ ಬರೀ ಡಾಸ್‌ಗೇ ಬೂಟ್ ಆಗಬೇಕಾದರೆ ಡಿ:\ಆಟೋಎಕ್ಸೆಕ್.ಬ್ಯಾಟ್ ಅನ್ನು ಸಿ:ಗೆ ಕಾಪಿ ಮಾಡಿ ಅದರಲ್ಲಿ '200' ಇರುವ ಸಾಲು ತೆಗೆಯಿರಿ. ಇದರಿಂದ ಇನ್ನೊಂದು ಕಿರಿಕಿರಿಯೂ ತಪ್ಪುತ್ತದೆ: ಸಿಸ್ಟಮ್ ಮ್ಯಾನೇಜರ್ ಒಳಗಿದ್ದಾಗ ನೀಲಿ ಕೀಲಿಗಳಲ್ಲಿ ಒಂದಕ್ಕೆ ಬೆರಳು ತಾಗಿದರೂ ಅದು ವಿಂಡೋಸಿನ ನಡುವೆ ಮೂಗು ತೂರಿಸಬಹುದು.

ಚುಕ್ಕೆಗಳಿಗೆ: ಕಂಟ್ರೋಲ್ ಪ್ಯಾನೆಲ್, ಕಲರ್, ಅಲ್ಲಿ 'ಮೊನೊಕ್ರೋಮ್' ಸ್ಕೀಮ್. ಸಿಜಿಎ ಡ್ರೈವರ್ 640×200ರಲ್ಲಿ ಎರಡೇ ಬಣ್ಣ ಬಲ್ಲದು. ಮಿಕ್ಕಿದ್ದನ್ನೆಲ್ಲ ಚುಕ್ಕೆ ಹಾಕಿ ತೋರಿಸುತ್ತದೆ, ಈ ನಿಧಾನದ ಎಲ್‌ಸಿಡಿಯಲ್ಲಿ ಅದು ಹೊಗೆಯಾಡಿದ ಹಾಗೆ ಕಾಣುತ್ತದೆ. ಡೆಸ್ಕ್‌ಟಾಪ್ ಪ್ಯಾಟರ್ನ್ ಕೂಡ 'ನನ್' ಮಾಡಿ. ಕರ್ಸರ್ ಮಿನುಗುವ ವೇಗ ತಗ್ಗಿಸಿ, ಇಲ್ಲದಿದ್ದರೆ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಪ್ರೋಗ್ರಾಂ ಮ್ಯಾನೇಜರ್ ಬೇಕೆಂದರೆ ಶೆಲ್ ಸಾಲು ವಾಪಸ್ ಹಾಕಿ, ಪ್ರಾಗ್‌ಮ್ಯಾನ್.ಐಎನ್‌ಐನ ಗ್ರೂಪ್ ಸಾಲುಗಳನ್ನೂ ಜಿಆರ್‌ಪಿ ಫೈಲುಗಳನ್ನೂ ಅಳಿಸಿಬಿಡಿ. ಫೈಲ್ ಮೆನುವಿನ ನ್ಯೂ ಕೊಟ್ಟು ಒಂದೇ ಒಂದು ಗ್ರೂಪ್ ಮಾಡಿ, ನಿಜಕ್ಕೂ ಬಳಸುವ ಐದಾರು ಪ್ರೋಗ್ರಾಂ ಮಾತ್ರ ಸೇರಿಸಿ. ಆಪ್ಷನ್ಸ್‌ನಲ್ಲಿ 'ಮಿನಿಮೈಸ್ ಆನ್ ಯೂಸ್' ಗುರುತು ಹಾಕಿ. 200 ಗೆರೆಯಲ್ಲಿ ಒಂದರ ಮೇಲೊಂದು ಕಿಟಕಿ ಇಟ್ಟುಕೊಳ್ಳುವ ಐಷಾರಾಮ ಇಲ್ಲ. ಆಲ್ಟ್-ಸ್ಪೇಸ್, ಎಕ್ಸ್ ಒತ್ತಿ ಮ್ಯಾಕ್ಸಿಮೈಸ್ ಮಾಡಿಯೇ ಕೆಲಸ ಮಾಡಿ.

4 ಎಂಬಿ ಮಾಡೆಲ್ ಅಂದಿರಿ. ಹಾಗಾದರೆ ಅಗತ್ಯದ ಫೈಲುಗಳನ್ನಷ್ಟೇ ಸಿ:\ವಿಂಡೋಸ್‌ನಲ್ಲೇ ಇಡುವುದೂ ಸಾಧ್ಯ: ವಿನ್.ಕಾಮ್, ಕರ್ನಲ್, ಯೂಸರ್, ಜಿಡಿಐ, ಡಿಆರ್‌ವಿ ಫೈಲುಗಳು, ಸಿಜಿಎ ಫಾಂಟುಗಳು, ಎರಡು ಐಎನ್‌ಐ, ಶೆಲ್, ನೋಟ್‌ಪ್ಯಾಡ್, ರೈಟ್, ಕಾರ್ಡ್‌ಫೈಲ್. ಬಿಸಾಡಿದ ಕೋಡ್ ಮತ್ತೆ ಓದುವುದು ರ‍್ಯಾಮಿನಿಂದಲೇ ಆಗುವುದರಿಂದ ಮೆನು ಬೇಗ ತೆರೆಯುತ್ತದೆ. ಬ್ಯಾಚ್ ಫೈಲಿನ ಎ: ಎರಡೂ ಕಡೆ ಸಿ: ಆಗಬೇಕು. ನಕಲು ಕಾರ್ಡಿನಲ್ಲಿರಲಿ, ಎಎ ಸೆಲ್ಲೂ ಬ್ಯಾಕಪ್ ಸಿಆರ್2032 ಸೆಲ್ಲೂ ಒಟ್ಟಿಗೆ ಸತ್ತರೆ ಸಿ: ಖಾಲಿ.

ಗೂಡುಗಣಕ ಉತ್ತರಿಸಿದ್ದು

ವಿಂಡೋಸ್ 3.0ದ ಹಟ ಇಲ್ಲದಿದ್ದರೆ ಜಿಯೋಸ್ ನೋಡಿ, ಅದೂ ಡಾಸ್ ಮೇಲೆ ಓಡುವ ಕಿಟಕಿ-ಮೆನು ಪರಿಸರ. ಜಿಯೋವರ್ಕ್ಸ್ ಎನ್ಸಾಂಬಲ್, ಅದೂ 1990ರದ್ದೇ. ವಿಂಡೋಸ್ ರಿಯಲ್ ಮೋಡ್ ಹಳೇ ಯಂತ್ರಕ್ಕೆ ಕೊಟ್ಟ ಕನಿಕರದ ಸೀಟು. ಜಿಯೋಸ್ ಎಕ್ಸ್‌ಟಿ ಎಂಬ ಹಳೇ ಪಿಸಿಯಂಥ ಯಂತ್ರವನ್ನೇ ಗುರಿಯಿಟ್ಟು ಬಹುಪಾಲು ಅಸೆಂಬ್ಲಿಯಲ್ಲಿ ಬರೆದದ್ದು. 640 ಕೆಬಿಯಲ್ಲಿ ನಿಜವಾದ ಮಲ್ಟಿಟಾಸ್ಕಿಂಗ್, ಎಷ್ಟು ಗಾತ್ರಕ್ಕಾದರೂ ಹಿಗ್ಗುವ ಔಟ್‌ಲೈನ್ ಫಾಂಟ್, ಒಳ್ಳೆಯ ವರ್ಡ್ ಪ್ರೊಸೆಸರ್ ಎಲ್ಲ ಇದೆ. ಸಿಜಿಎ 640×200 ಡ್ರೈವರೂ ಇದೆ. ಎಚ್‌ಪಿಯೇ 1995ರ ಓಮ್ನಿಗೋ 100 ಅಂಗೈ ಯಂತ್ರಕ್ಕೆ ಜಿಯೋಸ್ ಆರಿಸಿಕೊಂಡಿತು, ಅಲ್ಲಿಗೆ ಅರ್ಥ ಮಾಡಿಕೊಳ್ಳಿ.

ಸೆಟಪ್‌ನಲ್ಲಿ ಇಎಂಎಸ್, ಎಕ್ಸ್‌ಎಂಎಸ್ ಎರಡೂ ಬೇಡ ಅನ್ನಿ. ಮೆಮೊರಿ ತುಂಬಿದರೆ ಅದು ಡಿಸ್ಕಿಗೆ ಸ್ವಾಪ್ ಮಾಡುತ್ತದೆ, ಆ ಫೈಲು ಕಾರ್ಡಿನಲ್ಲಿರಲಿ.

ದುಡ್ಡು ಕೊಡದೆ, ಲೈಸೆನ್ಸ್ ಚಿಂತೆ ಇಲ್ಲದೆ ಬೇಕಾದರೆ ಫ್ರೀಜೆಮ್. ಡಿಜಿಟಲ್ ರಿಸರ್ಚ್ ಕಂಪನಿಯ ಜೆಮ್ ಎಂಬ ಕಿಟಕಿ ಪರಿಸರದ ಸೋರ್ಸ್ ಕೋಡನ್ನು ಕಾಲ್ಡೆರಾ ಕಂಪನಿ 1999ರಲ್ಲಿ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಅಡಿ ಬಿಟ್ಟಿತು, ಅದರ ಮುಂದುವರಿಕೆ ಇದು. ತನ್ನ ಪರದೆಯ ನಕಲು ಎಂದು ಆಪಲ್ ತಗಾದೆ ತೆಗೆದ ನಂತರ ಪಿಸಿ ಜೆಮ್ ಡೆಸ್ಕ್‌ಟಾಪಿನಲ್ಲಿ ಎರಡೇ ಕಿಟಕಿ, ಅದೂ ಅಲುಗದ ಹಾಗೆ ಉಳಿದಿತ್ತು. ಫ್ರೀಜೆಮ್‌ನಲ್ಲಿ ಆ ಕಟ್ಟು ಬಿಚ್ಚಿದ್ದಾರೆ. ಮೂರರಲ್ಲಿ ಹಗುರ ಇದೇ. ಕೀಬೋರ್ಡಿನಿಂದ ಬಾಣ ಓಡಿಸುವ ವ್ಯವಸ್ಥೆಯೂ ಇದೆ, ಆದರೆ ಜೆಮ್ ಮೂಲತಃ ಮೌಸಿನ ಕೂಸು, ಮೌಸ್ ಇಲ್ಲದವರಿಗೆ ಬೇಗ ಬೇಜಾರು ಬರುತ್ತದೆ. ಪ್ರೋಗ್ರಾಮುಗಳೂ ಕಮ್ಮಿ.

ವಿಂಡೋಸ್ 3.0 ಪರವಾಗಿ ಒಂದು ಮಾತು ಹೇಳಬಹುದು: ರಿಯಲ್ ಮೋಡಿನಲ್ಲಿ ವಿಂಡೋಸ್ 2 ಕಾಲದ ಪ್ರೋಗ್ರಾಮುಗಳೂ ಓಡುತ್ತವೆ, ಅವು ಇಂಥ ಪರದೆಗೂ ಇಷ್ಟು ಮೆಮೊರಿಗೂ ಸರಿಯಾಗಿ ಹೊಂದುತ್ತವೆ. 3.0ಕ್ಕೆಂದೇ ಬರೆದ ದೊಡ್ಡ ಪ್ರೋಗ್ರಾಮುಗಳ ಹಿಂದೆ ಬೀಳುವ ಬದಲು ಅವನ್ನು ಹುಡುಕಿ.

ಒತ್ತಕ್ಷರ ಉತ್ತರಿಸಿದ್ದು

ಕನ್ನಡದ ಪ್ರಶ್ನೆ ಹಾಗೇ ಉಳಿಯಿತು. ನೇರ ಉತ್ತರ: ಟೈಪ್ ಮಾಡಲು ಆಗುವುದಿಲ್ಲ, ಓದಲು ಆಗುತ್ತದೆ.

ಟ್ರೂಟೈಪ್ ಬಂದಿದ್ದು 1992ರ ವಿಂಡೋಸ್ 3.1ರಲ್ಲಿ. 3.0ಗೆ ಬಿಟ್‌ಮ್ಯಾಪ್ ಫಾಂಟು, ಗೆರೆ ಫಾಂಟು ಎರಡೇ ಗೊತ್ತು. ಹಾಗಾಗಿ ಬರಹ, ನುಡಿ ಫಾಂಟುಗಳು ಇಲ್ಲಿ ಕೂರುವುದಿಲ್ಲ, ಯೂನಿಕೋಡ್ ಮಾತಂತೂ ದೂರ. ಬಿಟ್‌ಮ್ಯಾಪ್ ಫಾಂಟನ್ನು ನಾವೇ ಬರೆದರೂ ಒಂದು ಬೈಟಿಗೆ ಒಂದು ಗ್ಲಿಫ್ (ಅಕ್ಷರದ ಆಕಾರ), ಒಂದರ ಪಕ್ಕ ಒಂದು. ಗುಣಿತ, ಒತ್ತು ಜೋಡಿಸುವವರು ಯಾರು? 8 ಪಿಕ್ಸೆಲ್ ಎತ್ತರದಲ್ಲಿ 'ಕ್ಷ್ಮಿ' ಬರೆಯಲು ಯಾರಿಂದಲೂ ಆಗದು. ಡಾಸ್ ಕಾಲದಲ್ಲಿ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಈ ಕೆಲಸಕ್ಕೆ ಪ್ರತ್ಯೇಕ ಹಾರ್ಡ್‌ವೇರನ್ನೇ ಇಟ್ಟಿತ್ತು. ಅದು ಡೆಸ್ಕ್‌ಟಾಪ್ ಪಿಸಿಯ ಸ್ಲಾಟಿಗೆ ಹಾಕುವ ಕಾರ್ಡು, ಇಲ್ಲಿಗೆ ಬರಲ್ಲ.

ಆಗುವ ದಾರಿ ಚಿತ್ರದ್ದು. ಪಿಸಿಯಲ್ಲಿ ಕನ್ನಡ ಪಠ್ಯವನ್ನು 640 ಪಿಕ್ಸೆಲ್ ಅಗಲದ, 1 ಬಿಟ್‌ನ ಬಿಎಂಪಿ ಅಥವಾ ಪಿಸಿಎಕ್ಸ್ ಮಾಡಿ ಕಾರ್ಡಿಗೆ ಹಾಕಿ. ಪೇಂಟ್‌ಬ್ರಷ್ ಎರಡನ್ನೂ ತೆರೆಯುತ್ತದೆ. ಒಂದು ಪರದೆಗೆ 16,000 ಬೈಟು, ಮೆಮೊರಿಗೆ ಭಾರವಲ್ಲ. ಆದರೆ ಪಿಕ್ಸೆಲ್ ಚೌಕಾಕಾರ ಇಲ್ಲ, ಅಗಲಕ್ಕಿಂತ ಎತ್ತರ ಜಾಸ್ತಿ. ಪಿಸಿಯಲ್ಲಿ ಸರಿಯಾಗಿ ಕಂಡದ್ದು ಇಲ್ಲಿ ಉದ್ದುದ್ದ ಎಳೆದ ಹಾಗೆ ಕಾಣುತ್ತದೆ. ಸ್ಕೇಲ್ ಹಿಡಿದು ಪರದೆಯ ಉದ್ದ-ಅಗಲ ಅಳೆಯಿರಿ. ಎತ್ತರವನ್ನು 200ರಿಂದ ಭಾಗಿಸಿ, ಅಗಲವನ್ನು 640ರಿಂದ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟರಿಂದ ಚಿತ್ರದ ಎತ್ತರವನ್ನು ಕುಗ್ಗಿಸಿ. ಕುಗ್ಗಿಸುವುದು ಮೊದಲು, 1 ಬಿಟ್‌ಗೆ ಇಳಿಸುವುದು ಆಮೇಲೆ. ಹಿಂದುಮುಂದಾದರೆ ಒತ್ತುಗಳ ತೆಳು ಗೆರೆಗಳೇ ಮಾಯ. ಬೂದು ಬಣ್ಣವನ್ನು ಚುಕ್ಕೆ ಮಾಡುವ ಡಿದರಿಂಗ್ ಬೇಡ, ಕಪ್ಪು ಇಲ್ಲವೇ ಬಿಳಿ ಮಾಡುವ ನೇರ ಥ್ರೆಶೋಲ್ಡ್ ಇರಲಿ. ಫಾಂಟ್ ದಪ್ಪನೆಯದಿರಲಿ. ಒಂದು ಸಾಲಿಗೆ, ಕೆಳಗಿನ ಒತ್ತು ಸೇರಿಸಿ, 24 ಗೆರೆ ಇಟ್ಟುಕೊಂಡರೆ ಪರದೆಗೆ ಎಂಟು ಸಾಲು. ವಿಂಡೋಸಿನ ಶೀರ್ಷಿಕೆ ಪಟ್ಟಿ, ಮೆನು ಕಳೆದರೆ ಏಳು. ಪದ್ಯಕ್ಕೆ ಸಾಕು, ಕಾದಂಬರಿಗೆ ಆಗದು.

ಒಂಬತ್ತುಪಿನ್ ಉತ್ತರಿಸಿದ್ದು

ಬ್ಯಾಟರಿ ಬಗ್ಗೆ ಯಾರೂ ಹೇಳಲಿಲ್ಲ, ಸೇರಿಸಿಬಿಡುತ್ತೇನೆ. ಡಾಸ್‌ನಲ್ಲಿ ಕೀಲಿ ಒತ್ತುವುದಕ್ಕೆ ಕಾಯುವಾಗ ಈ ಯಂತ್ರದ ಪ್ರೊಸೆಸರ್ ಮಲಗುತ್ತದೆ. ವಾರಗಟ್ಟಲೆ ಸೆಲ್ ಬಾಳುವುದು ಅದರಿಂದ. ವಿಂಡೋಸ್ ಅದನ್ನು ಹಾಗೆ ಮಲಗಲು ಬಿಡುವುದಿಲ್ಲ, ಜೊತೆಗೆ ಕಾರ್ಡನ್ನು ಪದೇ ಪದೇ ಓದುತ್ತದೆ. ಸೆಲ್ ಇಳಿದಾಗ ಮೊದಲು ಕೈಕೊಡುವುದೂ ಕಾರ್ಡೇ: ಓದುವ ಎರರ್ ಬಂದರೆ ಕಾರ್ಡ್ ಕೆಟ್ಟಿತು ಅನ್ನುವ ಮುಂಚೆ ಸೆಲ್ ಬದಲಿಸಿ ನೋಡಿ. ಎಸ್‌ಡಿ ಕಾರ್ಡನ್ನು ಸಿಎಫ್ ಮಾಡುವ ಅಡಾಪ್ಟರುಗಳು ಇನ್ನೂ ಹೆಚ್ಚು ಕುಡಿಯುತ್ತವೆ. ಹಳೆಯ ಸಣ್ಣ ಸಿಎಫ್ ಕಾರ್ಡೇ ಲೇಸು.

ಚಾರ್ಜ್ ಆಗುವ ಸೆಲ್ ಹಾಕಿದ್ದರೆ ಸೆಟಪ್‌ನಲ್ಲಿ ಬ್ಯಾಟರಿ ಬಗೆ ಬದಲಿಸಿದರೆ 12 ವೋಲ್ಟ್ ಅಡಾಪ್ಟರ್ ಒಳಗೇ ಚಾರ್ಜ್ ಮಾಡುತ್ತದೆ. ಸಾದಾ ಆಲ್ಕಲೈನ್ ಹಾಕಿ ಆ ಆಯ್ಕೆ ಹಾಗೇ ಬಿಟ್ಟರೆ ಸೆಲ್ ಸೋರಿ ಒಳಗಿನ ಸ್ಪ್ರಿಂಗ್ ತಿಂದುಹಾಕುತ್ತದೆ. ಬೇರೆ ಅಡಾಪ್ಟರ್ ಬಳಸುವವರು ಯಂತ್ರದ ಮೇಲೆ ಅಚ್ಚಾದ ಪೋಲಾರಿಟಿ ಚಿತ್ರ ನೋಡಿಯೇ ಚುಚ್ಚಿ.

ವಿಂಡೋಸ್ ಅಂಟಿಕೊಂಡು ಕಂಟ್ರೋಲ್-ಆಲ್ಟ್-ಡೆಲ್‌ಗೂ ಜಗ್ಗದಿದ್ದರೆ ಕಂಟ್ರೋಲ್-ಶಿಫ್ಟ್-ಆನ್. ಆಗ ರ‍್ಯಾಮ್ ಡಿಸ್ಕ್ ಅಳಿಸಲಾ ಅಂತ ಕೇಳುತ್ತದೆ. 'ಎನ್' ಒತ್ತಿ.